ಕುದುರೆಯ ಮೇಲಿದ್ದವಳ ಹೆಸರು

ಕುದುರೆ ಸವಾರಿ ಕಲಿಸುವುದು ನನ್ನ ಉದ್ಯೋಗವಾಗಿತ್ತು ಎಂದರೆ ನಮ್ಮ ಜಮಖಂಡಿ ಕಡೆಯ ಜನ ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಕಾಲು ನೋಡುತ್ತಾರೆ, ಆಮೇಲೆ ಎಲ್ಲರೂ ಒಂದೇ ಪ್ರಶ್ನೆ ಕೇಳುತ್ತಾರೆ. ಮುಧೋಳದ ಬಸ್ ನಿಲ್ದಾಣದಲ್ಲಿ ಪರಿಚಯವಾದ ಗೊಬ್ಬರದ ಅಂಗಡಿಯವರು ಕೇಳಿದ್ದಾರೆ. ನನ್ನ ಸೊಂಟದ ಎಕ್ಸ್‌ರೇ ಬೆಳಕಿಗೆ ಹಿಡಿದು ನೋಡುತ್ತಿದ್ದ ಡಾಕ್ಟರು ಕೇಳಿದ್ದಾರೆ. ನನ್ನ ಬೀಗರೂ ಕೇಳಿದ್ದಾರೆ.

"ಓಡೂದು ಕುದುರಿ. ಮ್ಯಾಲೆ ಕುಂತಾಂವಂದು ಅದರಾಗ ಏನ್ ಕೆಲಸ್ರಿ?"

ಮೊದಮೊದಲು ನಿಂತು ವಿವರಿಸುತ್ತಿದ್ದೆ. ತೊಡೆ, ಬೆನ್ನು, ಉಸಿರು, ಕಣ್ಣು ಎಂದೆಲ್ಲ ಹೇಳುತ್ತಿದ್ದೆ. ಅವರು ನಡುವೆಯೇ ಬಸ್ಸು ಬಂತೆಂದು ಎದ್ದು ಹೋಗುತ್ತಿದ್ದರು. ಈಗ "ಹೌದ್ರಿ, ಏನೂ ಕೆಲಸಿಲ್ಲ" ಎಂದುಬಿಡುತ್ತೇನೆ. ನಿವೃತ್ತಿಯಿಂದ ನನಗೆ ಸಿಕ್ಕ ಸುಖ ಇದೊಂದೇ, ಯಾರಿಗೂ ಏನನ್ನೂ ತಿಳಿಸಿ ಹೇಳುವ ಕರ್ಮ ಇಲ್ಲ.

ಆದರೂ ಬರೆಯಲು ಕುಳಿತಿದ್ದೇನೆ. ಇತ್ತೀಚೆಗೆ ಅಲ್ಲಲ್ಲಿ ಸವಾರಿ ಕ್ಲಬ್ಬುಗಳು ಏಳುತ್ತಿವೆ. ನಮ್ಮ ಕಡೆಯ ಹುಡುಗ ಹುಡುಗಿಯರು ಅಲ್ಲಿ ಕಲಿಸುವ ಕೆಲಸಕ್ಕೆ ಸೇರುತ್ತಿದ್ದಾರೆ. ಯಾರ ಹತ್ತಿರವೋ ನನ್ನ ನಂಬರು ಇಸಿದುಕೊಂಡು ಫೋನು ಮಾಡಿ, "ಸರ, ಈ ಲೈನಿನ್ಯಾಗ ಫ್ಯೂಚರ್ ಹೆಂಗೈತ್ರಿ?" ಎಂದು ಕೇಳುತ್ತಾರೆ. ಬಡ್ತಿಯ ಆಸೆ ಇದ್ದವರು ಓದುವುದನ್ನು ಇಲ್ಲೇ ನಿಲ್ಲಿಸಬಹುದು. ಸೇರಿದ ದಿನ ನಾನು ಸವಾರಿ ಶಿಕ್ಷಕ, ಬಿಟ್ಟ ದಿನವೂ ಸವಾರಿ ಶಿಕ್ಷಕ. ನಡುವೆ ಬದಲಾದದ್ದು ನನ್ನ ಮೊಣಕಾಲು ಮಾತ್ರ.

ನಾನು ಸೈನ್ಯದ ಕುದುರೆ ದಳದಲ್ಲಿದ್ದು ಬಂದವನು. ಊರಿಗೆ ಮರಳಿದಾಗ ಜಮಖಂಡಿಯ ಹೊರಗೆ ಒಂದು ಹೊಸ ವಸತಿ ಶಾಲೆ ಶುರುವಾಗಿತ್ತು. ಅದರ ಚೇರ್‌ಮನ್ನರಿಗೆ ಕುದುರೆಯ ಹುಚ್ಚು. ಹುಚ್ಚು ಎಂದರೆ ಹತ್ತುವ ಹುಚ್ಚಲ್ಲ, ಇಟ್ಟುಕೊಳ್ಳುವ ಹುಚ್ಚು. ಬಂದ ಅತಿಥಿಗಳನ್ನು ಮೊದಲು ಲಾಯಕ್ಕೆ ಕರೆದುಕೊಂಡು ಬಂದು, ಆಮೇಲೆ ತರಗತಿ ತೋರಿಸುತ್ತಿದ್ದರು. ಕುದುರೆ ಇದ್ದ ಮೇಲೆ ಕಲಿಸುವವನೊಬ್ಬ ಬೇಕಲ್ಲ ಎಂದು ನನ್ನನ್ನು ಕರೆದರು. ತಿನ್ನಿಸುವ ದಾಣಿ, ಗೊರಸಿಗೆ ಹೊಡೆಯುವ ನಾಲು, ಜೀನು, ಲಗಾಮು ಎಲ್ಲ ನನ್ನ ಸುಪರ್ದಿಗೆ ಬಂತು, ಜೊತೆಗೆ ಮಕ್ಕಳೂ ಬಂದರು.

ಮೊದಲ ವರ್ಷ ಸೈನ್ಯದಲ್ಲಿ ನನಗೆ ಕಲಿಸಿದ ಹಾಗೆಯೇ ಮಕ್ಕಳಿಗೆ ಕಲಿಸಿದೆ. ಹಿಂದಿಯಲ್ಲಿ ಗದರಿಕೆ, ಕೈಯಲ್ಲಿ ಚಾಬೂಕು, ಕಾಲಿಗೆ ರಿಕಾಬು ಇಲ್ಲ. ರಿಕಾಬು ಎಂದರೆ ಜೀನಿನಿಂದ ಇಳಿಬಿಟ್ಟ ಕಬ್ಬಿಣದ ಬಳೆ, ಸವಾರ ಪಾದ ಊರುವುದು ಅದರಲ್ಲಿ. ಅದಿಲ್ಲದೆ ಕುದುರೆಯನ್ನು ಸಣ್ಣ ಓಟಕ್ಕೆ ಬಿಟ್ಟರೆ ಸವಾರ ತನ್ನ ತೊಡೆಯ ಬಲದಲ್ಲೇ ನಿಲ್ಲಬೇಕು. ಕುದುರೆಯ ಬೆನ್ನು ಒಂದು ಕ್ಷಣವೂ ಒಂದೇ ಕಡೆ ಇರುವುದಿಲ್ಲ. ಅದರ ಜೊತೆ ನಿಮ್ಮ ಸೊಂಟ ಹೋಗಬೇಕು, ಭುಜ ಹೋಗಬಾರದು. ಭುಜ ಅಲುಗಿದರೆ ಕೈ ಅಲುಗುತ್ತದೆ, ಕೈ ಅಲುಗಿದರೆ ಲಗಾಮಿನ ಕಬ್ಬಿಣ ಅದರ ಬಾಯಿಗೆ ಬಡಿಯುತ್ತದೆ. ಮಕ್ಕಳು ಊಟದ ಮನೆಯಲ್ಲಿ ಕುಳಿತುಕೊಳ್ಳಲಾಗದೆ ನಿಂತುಕೊಂಡೇ ರೊಟ್ಟಿ ತಿಂದರು. ಅರ್ಧ ಜನ ಮರುವಾರ ಕಬಡ್ಡಿಗೆ ಹೆಸರು ಕೊಟ್ಟರು.

ಆಮೇಲೆ ನನ್ನ ಪದ್ಧತಿ ಬದಲಾಯಿತು. ಉದ್ದ ಹಗ್ಗ ಕಟ್ಟಿ ಕುದುರೆಯನ್ನು ನನ್ನ ಸುತ್ತ ತಿರುಗಿಸುತ್ತ, ಮೇಲೆ ಕುಳಿತ ಮಗುವಿಗೆ ಲಗಾಮು ಕೊಡದೆ, ಹಾಡು ಹೇಳು ಎನ್ನುತ್ತಿದ್ದೆ. ಹಾಡುವ ಮಗು ಉಸಿರು ಬಿಗಿ ಹಿಡಿಯುವುದಿಲ್ಲ, ಉಸಿರು ಬಿಗಿ ಹಿಡಿಯದ ಮಗು ಬೀಳುವುದು ಕಡಿಮೆ. ತಲೆಗೆ ಹೆಲ್ಮೆಟ್ಟು ಬಂತು. ಗದರಿಕೆ ಹೋಗಿ ಕನ್ನಡ ಬಂತು. ಹೊಸಬರೇ, ಇದೊಂದನ್ನು ಬೇಕಾದರೆ ನನ್ನಿಂದ ತೆಗೆದುಕೊಳ್ಳಿ, ಉಳಿದದ್ದು ನಿಮಗೆ ಬೇಡ.

ಸಮೀರವಾಡಿ ಕಡೆಯಿಂದ ಬಂದು ಸೇರಿದ್ದ ಒಬ್ಬ ಹುಡುಗನ ತಂದೆ ಇಂಜಿನಿಯರು. ಮಗ ಆಟದ ಹೊತ್ತನ್ನೆಲ್ಲ ಕುದುರೆಯ ಮೇಲೆ ಕುಳಿತು ಕಳೆಯುತ್ತಾನೆ, ಮೈಗೆ ವ್ಯಾಯಾಮ ಇಲ್ಲ ಎಂದು ದೂರು ತಂದಿದ್ದರು. ದಿನಾ ಜಿಮ್ಮಿಗೆ ಹೋಗುವ ಗಟ್ಟಿ ಆಳು. "ನೀವೂ ಒಂದ್ಸಲ ಕುಂತು ನೋಡ್ರಿ" ಎಂದೆ. ಲಾಯದಲ್ಲೇ ಅತಿ ಸಾಧುವಾದ ಮುದಿ ಕುದುರೆಯನ್ನು ಕೊಟ್ಟೆ. ಮೈದಾನಕ್ಕೆ ಕೆಲವು ಸುತ್ತು ಹಾಕಿ ಬಂದವರಿಗೆ ಇಳಿಯಲು ಕಾಲು ಎತ್ತಲಾಗಲಿಲ್ಲ. ನಾನೂ ಹಾಸ್ಟೆಲಿನ ಅಡಿಗೆಯವನೂ ಸೇರಿ ಚೀಲ ಇಳಿಸಿದ ಹಾಗೆ ಇಳಿಸಿದೆವು. ಇನ್ನಾದರೂ ತಿಳಿಯಿತೇನೋ ಎಂದುಕೊಂಡೆ. ಅವರು ಕಾರಿನ ಬಾಗಿಲು ಹಿಡಿದುಕೊಂಡು, "ಮಾಸ್ತರ, ನಿಮ್ಮ ಕುದುರಿ ನಡಿಗಿ ಸರಿ ಇಲ್ಲ, ಡಾಕ್ಟರ್‌ಗೆ ತೋರಿಸ್ರಿ" ಎಂದು ಹೇಳಿ ಹೋದರು.

ಮೇಲಧಿಕಾರಿಗಳ ವಿಷಯಕ್ಕೆ ಬಂದರೆ, ಮೊದಲಿನ ಮುಖ್ಯಾಧ್ಯಾಪಕರು ಒಳ್ಳೆಯವರು, ಏಕೆಂದರೆ ಅವರು ಮೈದಾನದ ಕಡೆ ಬರುತ್ತಲೇ ಇರಲಿಲ್ಲ. ಎರಡನೆಯವರು ಬರುತ್ತಿದ್ದರು. ಕುದುರೆಗಳು ಶಾಲೆಗೆ ಶೋಭೆ ಎಂಬುದು ಅವರ ಮಾತು. ದೊಡ್ಡವರು ಯಾರಾದರೂ ಬರುವ ದಿನ ಕುದುರೆಗಳನ್ನು ಗೇಟಿನಲ್ಲಿ ಬಿಸಿಲಿಗೆ ನಿಲ್ಲಿಸಿ, ನನ್ನ ತಲೆಗೆ ಜರಿಯ ಪಟಗಾ ಸುತ್ತಿಸಿ ಪಕ್ಕದಲ್ಲಿ ನಿಲ್ಲಿಸುತ್ತಿದ್ದರು. ಬಂದವರು ಕುದುರೆಯ ಕುತ್ತಿಗೆ ತಟ್ಟಿ, ನನ್ನ ಕಡೆ ನೋಡದೆ ಒಳಗೆ ಹೋಗುತ್ತಿದ್ದರು. ಸೈನ್ಯದಲ್ಲಿ ಬೈಸಿಕೊಂಡಾಗ ಆಗದ ಅವಮಾನ ನನಗೆ ಆ ಪಟಗಾದೊಳಗೆ ಆಗುತ್ತಿತ್ತು.

ಅದಕ್ಕಿಂತ ಕೆಟ್ಟದ್ದು ಲಗ್ನಗಳು. ನಮ್ಮ ಕಡೆ ಮದುಮಗ ಕುದುರೆ ಹತ್ತಿ ದೇವರ ಗುಡಿಗೆ ಹೋಗಿ ಬರಬೇಕು, ಹಲಗೆ ವಾದ್ಯ ಬಡಿಯುವವರು ಮುಂದೆ ನಡೆಯಬೇಕು, ಹಲಗೆಯ ಬಡಿತಕ್ಕೆ ಕುದುರೆ ಕುಣಿಯಬೇಕು. ಚೇರ್‌ಮನ್ನರ ಬಂಧುಬಳಗ ದೊಡ್ಡದು. ರಬಕವಿಯಿಂದ ಬೀಳಗಿಯವರೆಗೆ ಯಾರ ಮನೆಯಲ್ಲಿ ಲಗ್ನವಾದರೂ ನಮ್ಮ ಕುದುರೆ ಹೋಗುತ್ತಿತ್ತು. ಬಿಜಲಿ ಎಂಬ ಕೆಂಪು ಹೆಣ್ಣುಕುದುರೆ ಅವರಿಗೆಲ್ಲ ಪ್ರೀತಿ. ಅದನ್ನು ನಾನು ಬೇಲಿ ಜಿಗಿಯಲು ತಯಾರು ಮಾಡುತ್ತಿದ್ದೆ. ಅವರು ಅದನ್ನು ಹಲಗೆಗೆ ತಯಾರು ಮಾಡಿದರು. ನನ್ನ ಹತ್ತಿರ ಅದು ನೇರ ಹೋಗಲು ಕಲಿತರೆ, ಲಗ್ನದಿಂದ ಬರುವಾಗ ಅಡ್ಡಡ್ಡ ಹೆಜ್ಜೆ ಹಾಕುವುದನ್ನು ಕಲಿತು ಬರುತ್ತಿತ್ತು. ಬೇಡವೆಂದು ಹೇಳಲು ಹೋದರೆ, "ಮಂಗಳ ಕಾರ್ಯಕ್ಕ ಇಲ್ಲ ಅನಬಾರದ್ರಿ ಮಾಸ್ತರ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಶಿವಲೀಲಾ ನಮ್ಮ ಶಾಲೆಗೆ ಬಂದದ್ದು ಬನಹಟ್ಟಿಯ ನೇಕಾರರ ಓಣಿಯಿಂದ. ತಂದೆ ಈರಪ್ಪ ಬೇರೆಯವರ ಪವರ್‌ಲೂಮಿನಲ್ಲಿ ಕೆಲಸ ಮಾಡುತ್ತಿದ್ದರು, ಮನೆಯಲ್ಲಿ ತಾಯಿ ಕೈಮಗ್ಗ ಇಟ್ಟುಕೊಂಡಿದ್ದರು. ನೇಕಾರರ ಮಕ್ಕಳಿಗೆಂದು ಬಿಟ್ಟ ಸೀಟಿನಲ್ಲಿ ಹುಡುಗಿ ಹಾಸ್ಟೆಲಿಗೆ ಸೇರಿತ್ತು. ಮೊದಲ ಸಲ ಲಗಾಮು ಕೈಗೆ ಕೊಟ್ಟಾಗ ನಾನು ಎಂದಿನಂತೆ, ಬಿಗಿ ಹಿಡಿಯಬೇಡ, ಸಡಿಲೂ ಬಿಡಬೇಡ ಎಂದು ಶುರು ಮಾಡಿದೆ. ಅವಳು ನನ್ನ ಮಾತು ಮುಗಿಯುವ ಮೊದಲೇ, "ಎಳಿ ಹಿಡಿದಂಗ ಅಲ್ರಿ ಸರ?" ಎಂದು ಕೇಳಿದಳು. ಮಗ್ಗದ ಮುಂದೆ ಬೆಳೆದ ಬೆರಳುಗಳಿಗೆ ನೂಲು ಹರಿಯುವ ಮುಂಚಿನ ಬಿಗಿ ಗೊತ್ತಿತ್ತು. ಬಿಜಲಿ ಅವಳ ಕೈಯಲ್ಲಿ ಮೊದಲ ದಿನವೇ ಕುತ್ತಿಗೆ ಇಳಿಸಿ ನಡೆಯಿತು. ನನ್ನ ಕೈಯಲ್ಲಿ ಅದು ಹಾಗೆ ನಡೆಯಲು ಎಷ್ಟು ತಿಂಗಳು ಹಿಡಿದಿತ್ತು ಎಂಬುದನ್ನು ಹೇಳುವುದಿಲ್ಲ.

ಕೈಯ ಹದ ಮನೆಯಿಂದ ಬಂದಿದ್ದರೂ ಉಳಿದದ್ದನ್ನೆಲ್ಲ ಅವಳು ದುಡಿದು ಗಳಿಸಿದಳು. ಬಿದ್ದು ಕಾಲರ್ ಮೂಳೆ ಮುರಿದುಕೊಂಡಳು. ಮೂಳೆ ಕೂಡುವವರೆಗೆ ದಿನಾ ಬಂದು ಕಟ್ಟೆಯ ಮೇಲೆ ಕುಳಿತು ಬೇರೆಯವರ ತಪ್ಪು ನೋಡುತ್ತಿದ್ದಳು. ಪಿಯುಸಿ ಮುಗಿಯುವ ಹೊತ್ತಿಗೆ ನನಗಿಂತ ಚೆನ್ನಾಗಿ ಸವಾರಿ ಮಾಡುತ್ತಿದ್ದಳು. ನನ್ನ ನಿವೃತ್ತಿ ಹತ್ತಿರ ಬಂದಿತ್ತು. ನನ್ನ ಜಾಗಕ್ಕೆ ಇವಳು ಬರಬೇಕು ಎಂಬುದೊಂದೇ ಆಸೆ ನನಗೆ ಉಳಿದಿತ್ತು. ಅವಳಿಗೂ ಅದೇ ಬೇಕಾಗಿತ್ತು. ಅದಕ್ಕೆ ದೈಹಿಕ ಶಿಕ್ಷಣದ ಓದು ಆಗಬೇಕು, ಆ ಸೀಟು ಕ್ರೀಡಾ ಕೋಟಾದಲ್ಲಿ ಸಿಗಬೇಕು, ಕೋಟಾಕ್ಕೆ ಅವಳ ಹೆಸರಿನಲ್ಲಿ ಕಡೇ ಪಕ್ಷ ಜಿಲ್ಲಾ ಮಟ್ಟದ ಒಂದು ಪ್ರಮಾಣಪತ್ರ ಬೇಕು. ಕಬಡ್ಡಿಯ ಮಕ್ಕಳಿಗೆ ವರ್ಷಕ್ಕೆ ನಾಲ್ಕು ಸಿಗುತ್ತವೆ. ಸವಾರಿಗೆ ನಮ್ಮ ಜಿಲ್ಲೆಯಲ್ಲಿ ಸ್ಪರ್ಧೆಯೇ ಇರಲಿಲ್ಲ.

ಸ್ಪರ್ಧೆ ಇಲ್ಲದಿದ್ದರೆ ಮಾಡಿಸೋಣ ಎಂದು ನಾನು ಹೊರಟೆ. ಮುಧೋಳದಲ್ಲಿ ಎತ್ತಿನ ಗಾಡಿ, ಕುದುರೆ ಗಾಡಿಗಳ ಓಟದ ಶರ್ಯತ್ತು ನಡೆಸುವ ಒಂದು ಮಂಡಳಿ ಇದೆ. ಅದರ ಹಿರಿಯರು ಬಸಗೊಂಡಪ್ಪನವರು ಉದಾರ ಮನುಷ್ಯ. ಅವರನ್ನು ಕಂಡು, ನಿಮ್ಮ ಶರ್ಯತ್ತಿನ ದಿನವೇ ಶಾಲೆಗಳ ಮತ್ತು ಕ್ಲಬ್ಬುಗಳ ಸವಾರರಿಗೆ ಬೇಲಿ ಜಿಗಿತದ ಸ್ಪರ್ಧೆ ಇಡಿ ಎಂದು ಬೇಡಿಕೊಂಡೆ. ಕ್ರೀಡಾ ಇಲಾಖೆಯ ಅಧಿಕಾರಿಯನ್ನು ಸಹಿ ಹಾಕಲು ಒಪ್ಪಿಸಿದೆ. ಬೆಳಗಾವಿಯಿಂದ, ವಿಜಯಪುರದಿಂದ ಸವಾರರು ಬರುವಂತೆ ಮಾಡಿದೆ. ಬಿದಿರಿನ ಗಳ, ಎಣ್ಣೆಯ ಡ್ರಮ್ಮು ಹೊಂದಿಸಿ ಬೇಲಿಗಳನ್ನು ನಾನೇ ನಿಲ್ಲಿಸಿದೆ. ತೀರ್ಪಿಗೆ ನಿಯಮ ಬಲ್ಲ ಒಬ್ಬ ನಿವೃತ್ತ ಸೈನಿಕರನ್ನು ಕರೆಸಿದೆ. ಎಲ್ಲ ನೋಡಿಕೊಂಡೆ ಎಂದುಕೊಂಡಿದ್ದೆ.

ಅಂದು ಗಾಡಿಗಳ ಶರ್ಯತ್ತು ಮುಗಿದು ನಮ್ಮ ಸ್ಪರ್ಧೆ ಶುರುವಾಯಿತು. ಗಳ ಬಿದ್ದರೆ ಅಂಕ ಹೋಗುತ್ತದೆ, ಕುದುರೆ ಬೇಲಿಯ ಮುಂದೆ ನಿಂತುಬಿಟ್ಟರೂ ಹೋಗುತ್ತದೆ. ದೊಡ್ಡ ಊರಿನ ಸವಾರರೆಲ್ಲ ಎಲ್ಲೋ ಒಂದು ಕಡೆ ಗಳ ಕೆಡವಿದ್ದರು. ಶಿವಲೀಲಾ ಕೊನೆಯ ಬೇಲಿಯವರೆಗೆ ಒಂದನ್ನೂ ಮುಟ್ಟಿಸದೆ ಬಂದಳು. ಆಗ ಹುರುಪಿಗೆ ಬಿದ್ದ ಹಲಗೆಯವರು, ಶರ್ಯತ್ತಿನಲ್ಲಿ ಎತ್ತುಗಳನ್ನು ಹುರಿದುಂಬಿಸುವ ಹಾಗೆ, ಬೇಲಿಯ ಮಗ್ಗುಲಲ್ಲೇ ಬಡಿಯತೊಡಗಿದರು. ಅವರ ತಪ್ಪೇನಲ್ಲ, ಅವರು ಒಳ್ಳೆಯದನ್ನೇ ಬಯಸಿದ್ದರು. ಬಿಜಲಿ ಓಟ ಬಿಟ್ಟು ಕುಣಿಯತೊಡಗಿತು.

ಬೇಲಿ ಇನ್ನೂ ದೂರವಿತ್ತು. ಕುದುರೆ ಅಡ್ಡಡ್ಡ ಹೆಜ್ಜೆ ಹಾಕುತ್ತ, ಕುತ್ತಿಗೆ ಬಿಲ್ಲಿನ ಹಾಗೆ ಬಾಗಿಸಿ ನಿಂತಲ್ಲೇ ಕುಣಿಯುತ್ತಿತ್ತು. ಜನ ಸಿಳ್ಳೆ ಹಾಕಿದರು. ಅಂಥ ಹೊತ್ತಿನಲ್ಲಿ ಲಗಾಮು ಜಗ್ಗಿದರೆ ಕುದುರೆ ಹಿಂದಕ್ಕೆ ಬರುತ್ತದೆ, ಹೊಡೆದರೆ ಬೇಲಿಯೊಳಗೆ ನುಗ್ಗುತ್ತದೆ. ಅವಳು ಎರಡನ್ನೂ ಮಾಡಲಿಲ್ಲ. ಭಾರವನ್ನು ಜೀನಿನ ಆಳಕ್ಕೆ ಬಿಟ್ಟು, ಎಡಗಾಲಿನಿಂದ ಅದರ ಪಕ್ಕೆಯನ್ನು ಒತ್ತಿ ಒತ್ತಿ ನೇರ ಮಾಡಿದಳು. ಅವಳ ಮುಖ ಬಿಳಿಚಿತ್ತು, ಕೈ ಮಾತ್ರ ಇದ್ದಲ್ಲೇ ಇತ್ತು. ಬಿಜಲಿಯ ಕಿವಿ ಹಲಗೆಯನ್ನು ಬಿಟ್ಟು ಹಿಂದಕ್ಕೆ, ಅವಳ ಕಡೆಗೆ ತಿರುಗಿತು. ಮರುಗಳಿಗೆ ಅದು ನಾಲ್ಕಾರು ಹೆಜ್ಜೆಯಲ್ಲೇ ಮೈ ಕೂಡಿಸಿಕೊಂಡು ಜಿಗಿಯಿತು. ಗಳ ಅಲುಗಲಿಲ್ಲ. ನನ್ನ ಇಡೀ ಸೇವೆಯಲ್ಲಿ ನಾನು ಕಂಡ ಅತಿ ದೊಡ್ಡ ಸವಾರಿ ಅದು. ನನಗೆ ಅಳು ಬಂತು.

ಪಕ್ಕದಲ್ಲಿದ್ದವರು, "ಏನ್ ಶ್ಯಾಣ್ಯಾ ಕುದುರೀಲೇ ಅದು, ಕುಣದು ಜಿಗೀತು ನೋಡು" ಎಂದರು. ಈ ಆಟದ ದೊಡ್ಡ ಸಂಕಟವೇ ಇದು. ಸವಾರಿ ಎಷ್ಟು ಚೆನ್ನಾಗಿ ಮಾಡಿದರೆ ಅಷ್ಟು ಕಡಿಮೆ ಕಾಣುತ್ತದೆ. ಕಾಲು ಬಡಿದು ಕೈ ಬೀಸುವವನನ್ನು ಜನ ಸವಾರ ಎನ್ನುತ್ತಾರೆ, ಸುಮ್ಮನೆ ಕುಳಿತಂತೆ ಕಾಣುವವಳನ್ನು ಯಾರೂ ನೋಡುವುದಿಲ್ಲ.

ಮೈಕಿನಲ್ಲಿ ಫಲಿತಾಂಶ ಕೂಗಿದರು. ಮೊದಲ ಬಹುಮಾನ, ಇಂಥ ಊರಿನ ಇಂಥ ಸಾಹೇಬರ ಕುದುರೆ ಬಿಜಲಿ ಎಂದು ನಮ್ಮ ಚೇರ್‌ಮನ್ನರ ಹೆಸರು ಹೇಳಿದರು. ಹಾರ ಕುದುರೆಗೆ ಬಿತ್ತು, ಶಾಲು ಚೇರ್‌ಮನ್ನರಿಗೆ ಬಿತ್ತು. ಶಿವಲೀಲಾ ಕುದುರೆಯ ಬಾಯಿ ಒರೆಸುತ್ತ ಒಂದು ಪಕ್ಕಕ್ಕೆ ನಿಂತಿದ್ದಳು. ನಾನು ವೇದಿಕೆ ಹತ್ತಿ ಪ್ರಮಾಣಪತ್ರ ನೋಡಿದೆ. ಮಾಲೀಕರ ಹೆಸರಿತ್ತು, ಕುದುರೆಯ ಹೆಸರಿತ್ತು, ಅಧಿಕಾರಿಯ ಸಹಿ ಇತ್ತು. ಸವಾರರ ಹೆಸರಿಗೆ ಜಾಗವನ್ನೇ ಬಿಟ್ಟಿರಲಿಲ್ಲ. ಶರ್ಯತ್ತಿಗೆ ಅಚ್ಚು ಹಾಕಿಸಿದ ಕಾಗದವನ್ನೇ ನಮಗೂ ಬಳಸಿದ್ದರು.

"ಗುರುಗಳ, ಸಿಟ್ಟಿಗೇಳಬ್ಯಾಡ್ರಿ" ಎಂದರು ಬಸಗೊಂಡಪ್ಪನವರು. "ಶರ್ಯತ್ತಿನ್ಯಾಗ ಗಾಡಿ ಹೊಡದಾಂವನ ಹೆಸರ ಎಂದರ ಕೂಗೇವೇನ್ರಿ? ಎತ್ತು ಯಾರವು ಅವರ ಹೆಸರ ಕೂಗತೀವಿ. ಇದೂ ಹಂಗ."

"ಇದು ಶರ್ಯತ್ತಲ್ರಿ, ಆಟ. ಆಡಿದಾಕಿ ಅಕಿ."

"ಆಟ ಅಂದ್ರ ಮನಷ್ಯಾ ಓಡಬೇಕಲ್ರಿ" ಎಂದರು, ನಿಜವಾಗಿಯೂ ಅರ್ಥವಾಗದ ಮುಖದಲ್ಲಿ. ಆ ಮನುಷ್ಯನ ಮೇಲೆ ನನಗೆ ಸರಿಯಾಗಿ ಸಿಟ್ಟು ಕೂಡ ಬರಲಿಲ್ಲ. ಅವರಪ್ಪ, ಅವರಜ್ಜ ಎಲ್ಲರೂ ಹಾಗೆಯೇ ಕೂಗಿದವರು. ಮಾಲೀಕರು ಒಪ್ಪಿ ಹೇಳಿದರೆ ಹುಡುಗಿಯ ಹೆಸರಿನಲ್ಲಿ ಬೇರೆ ಬರೆಸಿ ಕೊಡುತ್ತೇನೆ ಎಂದರು.

ಮಾಲೀಕರು, ಅಂದರೆ ನಮ್ಮ ಚೇರ್‌ಮನ್ನರು, ನಾನು ಹೋಗಿ ಕಾಣುವಷ್ಟರಲ್ಲಿ ಆ ಪ್ರಮಾಣಪತ್ರಕ್ಕೆ ಕಟ್ಟು ಹಾಕಿಸಿ ತಮ್ಮ ಕೋಣೆಯಲ್ಲಿ ತೂಗುಹಾಕಿದ್ದರು. ಅದರ ಕೆಳಗೆ ಕುಳಿತುಕೊಂಡೇ ನನ್ನ ಮಾತು ಕೇಳಿದರು.

"ಅಲ್ರಿ ಮಾಸ್ತರ, ಕುದುರಿ ನನ್ನದು. ಮೇಯಿಸಿದಾಂವ ನಾನು. ಹುಡುಗಿ ಹೆಸರ ಹಾಕಿದ್ರ ನಾಳೆ ಬಸ್ಸಿನ ಡ್ರೈವರ್ ಬಂದು, ಬಸ್ಸಿನ ಮ್ಯಾಲೆ ನನ್ನ ಹೆಸರ ಬರಸ್ರಿ ಅಂತಾನ."

"ಸಾಹೇಬ್ರ, ಅಕಿ ಸೀಟಿನ ಸವಾಲೈತ್ರಿ. ನಿಮ್ಮ ಕಾಗದ ನಿಮ್ಮ ಗ್ವಾಡಿ ಮ್ಯಾಲೆ ಇರಲಿ. ಅಕಿಗಿ ಒಂದು ಬ್ಯಾರೆ ಬರಸಾಕ ಹೂಂ ಅನ್ರಿ ಸಾಕು."

"ಎರಡು ಕಾಗದ ಆದ್ರ ಗೆದ್ದವರು ಯಾರಂತ ಜನ ಕೇಳೂದಿಲ್ಲೇನ್ರಿ?" ಎಂದು ನಕ್ಕರು. ಆಮೇಲೆ, ಹುಡುಗಿಗೆ ಬೇಜಾರಾಗಬಾರದು ಎಂದು ತಾವೇ ಹೇಳಿ, ಪೇಟೆಯಿಂದ ಒಂದು ಸೀರೆ ತರಿಸಿ ಕೊಟ್ಟು ಕಳಿಸಿದರು. ನೇಕಾರರ ಮನೆಯ ಮಗಳಿಗೆ ಸೀರೆ.

ನಾನು ಬಾಗಲಕೋಟೆಯ ಕ್ರೀಡಾ ಇಲಾಖೆಗೆ ಓಡಾಡಿದೆ. ಮಂಡಳಿಯವರು ಬರೆದುಕೊಟ್ಟರೆ ಸಹಿ ಹಾಕುತ್ತೇನೆ ಎಂದರು ಅಧಿಕಾರಿ. ಮಾಲೀಕರು ಹೇಳಿದರೆ ಬರೆದುಕೊಡುತ್ತೇವೆ ಎಂದಿತು ಮಂಡಳಿ. ಮಾಲೀಕರು ನನ್ನನ್ನು ಕಂಡರೆ ಹಿಂದಿನ ಬಾಗಿಲಿನಿಂದ ಹೋಗತೊಡಗಿದರು. ತೀರ್ಪುಗಾರರು ತಮ್ಮ ಕೈಯಾರೆ ಬರೆದುಕೊಟ್ಟ ಚೀಟಿಯನ್ನು ಕಾಲೇಜಿನವರು ನೋಡಿ, ಇದು ನಡೆಯುವುದಿಲ್ಲ ಎಂದು ಮರಳಿಸಿದರು. ಸೀಟು ಕಬಡ್ಡಿಯ ಯಾರಿಗೋ ಹೋಯಿತು. ನಾನು ನಿವೃತ್ತನಾದ ಮೇಲೆ ನನ್ನ ಜಾಗಕ್ಕೆ ಶಾಲೆ ಯಾರನ್ನೂ ತೆಗೆದುಕೊಳ್ಳಲಿಲ್ಲ. ಕುದುರೆಗಳು ಈಗ ಲಗ್ನಗಳಿಗೆ ಮಾತ್ರ ಹೋಗುತ್ತವೆ. ಹೊಸಬರು ಫ್ಯೂಚರ್ ಕೇಳುತ್ತೀರಲ್ಲ, ಅದಕ್ಕೆ ಹೇಳಿದೆ.

ಸೀಟು ಹೋದ ಮೇಲೆ, ನಾನಿನ್ನೂ ಕೆಲಸದಲ್ಲಿದ್ದಾಗಲೇ, ಶಿವಲೀಲಾ ಮೈದಾನಕ್ಕೆ ಬರುವುದನ್ನು ಬಿಟ್ಟಳು. ಕೆಲವು ದಿನ ಕಾದು ನಾನೇ ಬನಹಟ್ಟಿಗೆ ಹೋದೆ. ಓಣಿಯ ತುಂಬ ಪವರ್‌ಲೂಮುಗಳ ಸದ್ದು. ಈರಪ್ಪ ಕೆಲಸದಿಂದ ಬಂದವರು ಬಾಗಿಲಲ್ಲೇ ನನ್ನ ಕೈ ಹಿಡಿದುಕೊಂಡರು. "ಛಲೋ ಆತು ಬಂದ್ರಿ ಸರ. ಅಕಿ ಕುದುರಿ ಹೆಸರ ತಗದ್ರ ಮಾತಾಡವಲ್ಲಳು. ಇನ್ನೊಂದು ವರ್ಷ ಹೋಗವ್ವಾ, ನಾ ಅದೀನಿ ಅಂತ ಹೇಳಾಕತ್ತೇನ್ರಿ. ನೀವರ ಹೇಳ್ರಿ." ಮಗಳ ಸವಾರಿಗೆ ತಂದೆ ಅಡ್ಡ ಬರುವುದನ್ನು ನಾನು ಬಹಳ ಸಲ ಕಂಡಿದ್ದೆ. ಈ ತಂದೆ ಮಗಳನ್ನು ಮರಳಿ ಕುದುರೆ ಹತ್ತಿಸಿ ಎಂದು ನನ್ನನ್ನು ಬೇಡುತ್ತಿದ್ದರು.

ಶಿವಲೀಲಾ ಒಳಗೆ ತಾಯಿಯ ಕೈಮಗ್ಗದ ಮುಂದೆ ಕುಳಿತಿದ್ದಳು. ನನ್ನನ್ನು ನೋಡಿ ಎದ್ದು ನಿಂತಳು, ಚಹಾ ಮಾಡಿ ತಂದಳು, ಲಗ್ನವೊಂದರಲ್ಲಿ ಬಿಜಲಿಯ ಹಿಂಗಾಲಿಗೆ ಆಗಿದ್ದ ಗಾಯ ಮಾಯ್ದಿದೆಯೇ ಎಂದು ಕೇಳಿ ಮತ್ತೆ ಮಗ್ಗಕ್ಕೆ ಕುಳಿತಳು. ಬೆನ್ನು ನೆಟ್ಟಗಿತ್ತು, ಭುಜ ಅಲುಗುತ್ತಿರಲಿಲ್ಲ. ಬರೀ ಹೆಸರು ಬರಲಿಲ್ಲವೆಂದು ಇಷ್ಟು ಕಲಿತದ್ದನ್ನು ಬಿಡುತ್ತೀಯೇನವ್ವಾ ಎಂದು ಕೇಳಿದೆ. ಅವಳು ಕೈ ನಿಲ್ಲಿಸಿದಳು.

"ನಾ ನೇದ ಸೀರಿ ಮ್ಯಾಲೂ ನನ್ನ ಹೆಸರ ಇರೂದಿಲ್ರಿ ಸರ" ಎಂದಳು. "ಆದ್ರ ಸೀರಿ ತಾನ ನೇಯ್ಕೊಂಡೈತಿ ಅಂತ ಯಾರೂ ಅನ್ನೂದಿಲ್ರಿ."

ಈರಪ್ಪ ನನ್ನ ಮುಖ ನೋಡಿದರು. ಮುಂದಿನ ವರ್ಷ, ಇನ್ನೊಂದು ಸ್ಪರ್ಧೆ, ಈ ಸಲ ಕಾಗದ ನಾನೇ ಅಚ್ಚು ಹಾಕಿಸುತ್ತೇನೆ ಎಂದೆಲ್ಲ ಬಸ್ಸಿನಲ್ಲಿ ಮಾತು ಕೂಡಿಸಿಕೊಂಡು ಹೋಗಿದ್ದೆ. ಅವಳನ್ನು ಕರೆಯಲು ಹೋದವನು ಚಹಾ ಕುಡಿದು, ಕರೆಯದೆ ಎದ್ದು ಬಂದೆ.